ಕಾಣದ ಗಣಕ, ಕಾಣುವ ನಾವು

(ಕೂಟದ ಯುಗಾದಿ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಹಬ್ಬದೂಟಕ್ಕೆ ಮುಂಚಿನ ಉಪನ್ಯಾಸ ಒಂದೋ ಅರ್ಥವಾಗಬೇಕು, ಇಲ್ಲವೇ ಬೇಗ ಮುಗಿಯಬೇಕು. ಎರಡನೆಯದರ ಬಗ್ಗೆ ಮಾತ್ರ ನಾವು ತಮಗೆ ಭರವಸೆ ಕೊಡಬಲ್ಲೆವು.

ಕನಕದಾಸರ ಬಾಳೆಹಣ್ಣಿನ ಕಥೆ ನಮ್ಮೆಲ್ಲರಿಗೂ ಬಾಲ್ಯದಿಂದ ಗೊತ್ತು. ಗುರುಗಳಾದ ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಬಾಳೆಹಣ್ಣು ಕೊಟ್ಟು, ಯಾರೂ ಕಾಣದ ಕಡೆ ಹೋಗಿ ತಿಂದು ಬನ್ನಿರೆಂದರು. ಒಬ್ಬ ಕಂಬಳಿಯ ಮರೆಯಲ್ಲಿ ತಿಂದ, ಇನ್ನೊಬ್ಬ ಕದವಿಕ್ಕಿಕೊಂಡು ತಿಂದ. ಕನಕರು ಮಾತ್ರ ಹಣ್ಣನ್ನು ಹಾಗೆಯೇ ತಂದು, ದೇವರು ಕಾಣದ ಜಾಗ ಎಲ್ಲಿಯೂ ಸಿಕ್ಕಲಿಲ್ಲವೆಂದರು. ಇಂದು ನಮ್ಮ ಫ್ರೀಮಾಂಟಿನ ಬೀದಿಯಲ್ಲಿ ಯಾರಾದರೂ ಅದೇ ಪರೀಕ್ಷೆ ಒಡ್ಡಿದರೆ, ಭಕ್ತಿಯ ಲವಲೇಶವೂ ಇಲ್ಲದವನು ಕೂಡ ಹಣ್ಣನ್ನು ಹಿಂದಕ್ಕೆ ತಂದಾನು. ಬಾಗಿಲ ಕರೆಗಂಟೆಗೆ ಕಣ್ಣಿದೆ, ಎದುರುಮನೆಯ ಕರೆಗಂಟೆಗೂ ಇದೆ, ನಿಂತ ಕಾರಿಗೂ ಇದೆ. ಕೈಗಡಿಯಾರ ನಾಡಿ ಎಣಿಸುತ್ತದೆ, ಜೇಬಿನ ಫೋನು ಹೆಜ್ಜೆ ಎಣಿಸುತ್ತದೆ. ಒಂದೇ ಒಂದು ವ್ಯತ್ಯಾಸ. ಕನಕರ ಕಾಲದಲ್ಲಿ ಎಲ್ಲೆಡೆ ಇದ್ದು ನೋಡುತ್ತಿದ್ದವನು ಒಬ್ಬನೇ, ಮತ್ತು ಅವನು ಕಂಡದ್ದನ್ನು ಯಾರಿಗೂ ಮಾರುತ್ತಿರಲಿಲ್ಲ.

ಈ ಹೊಸ ಸ್ಥಿತಿಗೆ ಆಂಗ್ಲದಲ್ಲಿ ‘ಯುಬಿಕ್ವಿಟಸ್ ಕಂಪ್ಯೂಟಿಂಗ್’ ಎಂಬ ಹೆಸರಿದೆ. ನಾವು ‘ಸರ್ವವ್ಯಾಪಿ ಗಣಕ’ ಎನ್ನೋಣ. ಹೆಸರು ಹುಟ್ಟಿದ ಸ್ಥಳ ದೂರದ್ದಲ್ಲ. ಕೊಲ್ಲಿಯ ಸೇತುವೆ ದಾಟಿ ಪಾಲೋ ಆಲ್ಟೋ ಸೇರಿ, ಕಯೋಟಿ ಹಿಲ್ ರಸ್ತೆಯ ಗುಡ್ಡವನ್ನೇರಿದರೆ, ಜೆರಾಕ್ಸ್ ಕಂಪನಿಯು 1970ರಲ್ಲಿ ಸ್ಥಾಪಿಸಿದ ‘ಪಾರ್ಕ್’ ಸಂಶೋಧನಾಲಯ ಸಿಗುತ್ತದೆ. ಮೇಜಿನ ಮೇಲೆ ಒಬ್ಬನಿಗಾಗಿಯೇ ಇರುವ ಗಣಕ, ಅದರ ತೆರೆಯ ಮೇಲಿನ ಕಿಟಕಿಗಳು, ಲೇಸರ್ ಮುದ್ರಣ, ಯಂತ್ರಗಳನ್ನು ಹೆಣೆಯುವ ಈಥರ್‌ನೆಟ್ ಜಾಲ ಇವೆಲ್ಲ ರೂಪುಗೊಂಡ ಮನೆ ಅದು. ಆ ಮನೆಗೆ 1987ರಲ್ಲಿ ಬಂದ ಮಾರ್ಕ್ ವೈಸರ್ ಎಂಬ ವಿಜ್ಞಾನಿ, ಮರುವರ್ಷವೇ ಈ ಹೆಸರನ್ನಿಟ್ಟು, ವೈಯಕ್ತಿಕ ಗಣಕವೆಂಬ ಕಲ್ಪನೆಯೇ ತಪ್ಪು ದಾರಿ ಎಂದು ವಾದಿಸತೊಡಗಿದರು. ತವರುಮನೆಯಲ್ಲೇ ನಿಂತು ಹಾಗೆನ್ನಲು ಧೈರ್ಯ ಬೇಕು. 1991ರ ಸೆಪ್ಟೆಂಬರಿನ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಅಂದಿನಿಂದ ಇಂದಿನವರೆಗೆ ಈ ವಿಷಯದಲ್ಲಿ ನಡೆದ ಚರ್ಚೆಯೆಲ್ಲ ಒಂದರ್ಥದಲ್ಲಿ ಅದರ ವ್ಯಾಖ್ಯಾನವೇ.

ವೈಸರ್ ಅವರ ಮೂಲ ವಿಚಾರ ಸರಳವಾದುದು. ನಿಜವಾಗಿ ಬೇರೂರಿದ ತಂತ್ರಜ್ಞಾನ ಕಣ್ಣಿಗೆ ಬೀಳುವುದಿಲ್ಲ. ಅವರು ಬರವಣಿಗೆಯ ಉದಾಹರಣೆ ಕೊಟ್ಟರು. ನಾವು ಅದನ್ನು ನಮ್ಮ ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೆ ತಂದುಕೊಳ್ಳೋಣ. ಎದುರು ಬರುವ ಬಸ್ಸಿನ ಬೋರ್ಡು ನೋಡಿದಾಗ ‘ಮ’, ‘ಲ್ಲೇ’, ‘ಶ್ವ’ ಎಂದು ನಾವು ಓದುವುದಿಲ್ಲ, ಮಲ್ಲೇಶ್ವರದ ಬಸ್ಸು ಬಂತೆಂದು ಓಡುತ್ತೇವೆ. ಅಕ್ಷರ ಅಲ್ಲೇ ಇದ್ದೂ ಮರೆಯಾಗಿದೆ. ವಿದ್ಯುತ್ ಮೋಟಾರಿನ ಕಥೆಯೂ ಅದೇ. ಹಿಂದೆ ಕಾರ್ಖಾನೆಗೊಂದು ದೈತ್ಯ ಯಂತ್ರವಿದ್ದು, ಬೆಲ್ಟು ಗಾಲಿಗಳ ಮೂಲಕ ಎಲ್ಲವನ್ನೂ ತಿರುಗಿಸುತ್ತಿತ್ತು. ಇಂದು ಮಿಕ್ಸಿ, ಫ್ಯಾನು, ಫ್ರಿಜ್ಜು, ಗ್ರೈಂಡರು ಎಲ್ಲದರೊಳಗೂ ಮೋಟಾರಿದೆ. ಆದರೆ ನಮ್ಮ ಮನೆಯಲ್ಲಿ ಹದಿನೈದು ಮೋಟಾರುಗಳಿವೆಯೆಂದು ಯಾರೂ ಬೀಗುವುದಿಲ್ಲ. ಗಣಕವೂ ಹೀಗೆಯೇ ವಸ್ತುಗಳೊಳಗೆ ಕರಗಿಹೋಗಲಿ ಎಂಬುದು ವೈಸರ್ ಅವರ ಆಶಯವಾಗಿತ್ತು.

ಅವರ ತಂಡ ಮೂರು ಅಳತೆಯ ಉಪಕರಣಗಳನ್ನು ಕಟ್ಟಿತು: ಅಂಗುಲದಳತೆಯ ‘ಟ್ಯಾಬ್’, ಅಡಿಯಳತೆಯ ‘ಪ್ಯಾಡ್’, ಗಜದಳತೆಯ ‘ಬೋರ್ಡ್’. ಒಂದು ಕೋಣೆಯಲ್ಲಿ ನೂರಕ್ಕೂ ಮಿಕ್ಕಿ ಟ್ಯಾಬುಗಳು, ಹತ್ತಿಪ್ಪತ್ತು ಪ್ಯಾಡುಗಳು, ಒಂದೆರಡು ಬೋರ್ಡುಗಳು ಇರಬಹುದೆಂದು ಅವರು ಎಣಿಸಿದ್ದರು. ಇಂದು ನಮ್ಮ ಜೇಬಿನಲ್ಲಿ, ತೊಡೆಯ ಮೇಲೆ, ಗೋಡೆಯ ಮೇಲೆ ಇರುವುದು ಈ ಮೂರೇ ಅಳತೆಗಳು. ಆದರೆ ಒಂದು ಕಡೆ ಅವರ ಎಣಿಕೆ ತಪ್ಪಿತು. ಆ ಪ್ಯಾಡುಗಳು ಯಾರ ಸ್ವತ್ತೂ ಅಲ್ಲದೆ, ಮೇಜಿನ ಮೇಲೆ ಬಿದ್ದಿರುವ ರಫ್ ಕಾಗದದಂತೆ ಯಾರು ಬೇಕಾದರೂ ಎತ್ತಿಕೊಂಡು ಗೀಚಿ ಬಿಟ್ಟುಹೋಗುವಂತೆ ಇರಬೇಕೆಂದು ಅವರು ಬಯಸಿದ್ದರು. ಬಂದದ್ದು ಅದಕ್ಕೆ ತೀರ ವಿರುದ್ಧ. 2007ರಿಂದೀಚೆಗಿನ ಫೋನುಗಳು ಮರೆಯಾಗುವ ಬದಲು ನಮ್ಮ ಮುಖದೆದುರಿಗೇ ಬಂದು ನಿಂತವು. ಅವುಗಳಷ್ಟು ನಮ್ಮ ಹೆಸರು, ಮುಖ, ಬೆರಳನ್ನು ಬಲ್ಲ ವಸ್ತು ಹಿಂದೆಂದೂ ಇರಲಿಲ್ಲ. ಹಿಂದಿನ ಸಾಲಿನ ಮಕ್ಕಳು ಇದಕ್ಕೆ ಸಾಕ್ಷಿ.

ಆಗಿನ ಇನ್ನೆರಡು ಪ್ರಯೋಗಗಳನ್ನು ಇಲ್ಲಿ ನೆನೆಯಬೇಕು. ಮೊದಲನೆಯದು ಇಂಗ್ಲೆಂಡಿನ ಕೇಂಬ್ರಿಜ್‌ನ ಒಲಿವೆಟ್ಟಿ ಸಂಶೋಧನಾಲಯದ್ದು. ಅಲ್ಲಿನ ನೌಕರರು ಎದೆಯ ಮೇಲೆ ಒಂದು ಬಿಲ್ಲೆ ಧರಿಸುತ್ತಿದ್ದರು. ಅದು ಸುಮಾರು ಹದಿನೈದು ಸೆಕೆಂಡಿಗೊಮ್ಮೆ ಅವಗೆಂಪು ಬೆಳಕಿನಲ್ಲಿ ತನ್ನ ಗುರುತನ್ನು ಮಿನುಗಿಸುತ್ತಿತ್ತು, ಕೋಣೆಕೋಣೆಯ ಗೋಡೆಗಳಲ್ಲಿದ್ದ ಗ್ರಾಹಕಗಳು ಅದನ್ನು ಹಿಡಿಯುತ್ತಿದ್ದವು. ಯಾರು ಯಾವ ಕೋಣೆಯಲ್ಲಿದ್ದಾರೆಂದು ತಿಳಿದು ಅಲ್ಲಿಗೇ ಅವರ ಕರೆ ಕಳಿಸುವುದು ಉದ್ದೇಶ. ಅದನ್ನು ರೂಪಿಸಿದವರಲ್ಲೊಬ್ಬರಾದ ರಾಯ್ ವಾಂಟ್ ಮುಂದೆ ಪಾರ್ಕ್‌ಗೇ ಬಂದು ಟ್ಯಾಬಿನ ಕೆಲಸ ಮಾಡಿದರು. (ಅದೇ ಊರಿನ ವಿಶ್ವವಿದ್ಯಾಲಯದ ಗಣಕ ವಿಭಾಗದವರು 1991ರಲ್ಲಿ ಕಾಫಿಪಾತ್ರೆಯ ಎದುರು ಒಂದು ಕ್ಯಾಮೆರಾ ಇಟ್ಟು, ಕಾಫಿ ಉಳಿದಿದೆಯೇ ಎಂದು ಕುಳಿತಲ್ಲಿಂದಲೇ ನೋಡುತ್ತಿದ್ದರು. ಕಾಫಿಯ ವಿಷಯದಲ್ಲಿ ಅವರೂ ನಮ್ಮವರೇ.)

ಎರಡನೆಯದು ಪಾರ್ಕ್‌ನಲ್ಲಿ ನಟಾಲಿ ಜೆರೆಮಿಜೆಂಕೊ ಎಂಬ ಕಲಾವಿದೆ ಮಾಡಿದ್ದು. ಸೂರಿನಲ್ಲಿ ಒಂದು ಚಿಕ್ಕ ಮೋಟಾರು, ಅದಕ್ಕೆ ನೇತುಬಿಟ್ಟ ಎಂಟಡಿಯ ಪ್ಲಾಸ್ಟಿಕ್ ದಾರ. ಗೋಡೆಯೊಳಗಿನ ಜಾಲದ ತಂತಿಗೆ ಮೋಟಾರನ್ನು ಜೋಡಿಸಿತ್ತು. ತಂತಿಯಲ್ಲಿ ಮಾಹಿತಿ ಹರಿದಂತೆಲ್ಲ ದಾರ ಕೊಂಚ ಅದಿರುತ್ತಿತ್ತು. ಜಾಲ ಶಾಂತವಾಗಿದ್ದರೆ ಆಗೊಂದು ಈಗೊಂದು ಮಿಸುಕು, ದಟ್ಟಣೆಯಾದರೆ ಗಿರ್ರೆಂದು ಸುತ್ತಾಟ. ಹಜಾರದ ಮೂಲೆಯಲ್ಲಿದ್ದ ಅದನ್ನು ಯಾರೂ ಕುಳಿತು ನೋಡುತ್ತಿರಲಿಲ್ಲ, ಆದರೂ ಎಲ್ಲರಿಗೂ ಸುದ್ದಿ ತಿಳಿದಿರುತ್ತಿತ್ತು. ವೈಸರ್ ಮತ್ತು ಜಾನ್ ಸೀಲಿ ಬ್ರೌನ್ 1995ರಲ್ಲಿ ಇಂಥದನ್ನು ‘ಶಾಂತ ತಂತ್ರಜ್ಞಾನ’ ಎಂದು ಕರೆದರು. ಮನಸ್ಸಿನ ನಡುಮನೆಗೆ ನುಗ್ಗದೆ, ಜಗಲಿಯಲ್ಲಿ ಕುಳಿತು ಕೆಲಸ ಮಾಡುವಂಥದು.

ಬಿಲ್ಲೆ ಮತ್ತು ದಾರ ಎರಡೂ ಕಣ್ಣಿಗೆ ಹೆಚ್ಚು ಬೀಳದ ಯಂತ್ರಗಳೇ. ಆದರೆ ಇವೆರಡರ ನಡುವಿನ ಅಂತರ ನಮಗೆ ನಿಜವಾಗಿ ತಿಳಿದದ್ದು ಪುಸ್ತಕದಿಂದಲ್ಲ. ಅದನ್ನು ಹೇಳಲು ಸ್ವಲ್ಪ ಮನೆಯ ಮಾತು ಆಡಬೇಕಾಗಿದೆ, ಕ್ಷಮೆಯಿರಲಿ.

ನಮ್ಮ ತಂದೆಯವರು ತೀರಿಕೊಂಡ ಮೇಲೆ ತಾಯಿಯವರು ಶಿವಮೊಗ್ಗ ಜಿಲ್ಲೆಯ ಹಳ್ಳಿಯ ಮನೆಯಲ್ಲಿ ಒಬ್ಬರೇ ಉಳಿದರು. ಇಲ್ಲಿಗೆ ಬನ್ನಿರೆಂದರೆ ಒಪ್ಪಲಿಲ್ಲ. ಈ ಸಭೆಯಲ್ಲಿ ಎಷ್ಟು ಜನ ಈ ಮಾತಿಗೆ ತಲೆಯಾಡಿಸುತ್ತಿರುವಿರೆಂದು ನಮಗೆ ಕಾಣುತ್ತಿದೆ. ಮುಂದಿನ ಬಾರಿ ಊರಿಗೆ ಹೋದಾಗ ಜಗಲಿಗೊಂದು, ನಡುಮನೆಗೊಂದು, ಅಡುಗೆಮನೆಗೊಂದು ಕ್ಯಾಮೆರಾ ಜೋಡಿಸಿ ಬಂದೆವು. ಮೊದಲ ವಾರ ಆನಂದವೋ ಆನಂದ. ಆಫೀಸಿನ ಸಭೆಯ ನಡುವೆ ಮೇಜಿನ ಕೆಳಗೆ ಫೋನು ಹಿಡಿದರೆ ಅಮ್ಮ ಒಲೆಯ ಮುಂದೆ ನಿಂತಿರುವುದು ಕಾಣುತ್ತಿತ್ತು. ಬರಬರುತ್ತ ನಮ್ಮ ಮಾತಿನ ಧಾಟಿ ಬದಲಾಯಿತು. ಭಾನುವಾರದ ಕರೆಯಲ್ಲಿ ‘ಹೇಗಿದ್ದೀಯಮ್ಮ’ ಎಂದು ಕೇಳುತ್ತಿದ್ದವರು, ‘ನಿನ್ನೆ ರಾತ್ರಿ ಮಾತ್ರೆ ತಗೊಂಡಿಲ್ಲ ನೀನು’, ‘ಕಾಫಿಗೆ ಎರಡು ಚಮಚ ಸಕ್ಕರೆ ಯಾಕೆ’ ಎಂದು ಆರಂಭಿಸತೊಡಗಿದೆವು. ಕೇಳಬೇಕಾದ ಅಗತ್ಯವೇ ಇರಲಿಲ್ಲವಲ್ಲ, ನೋಡಿದ್ದೆವು.

ಒಂದು ದಿನ ಅಡುಗೆಮನೆಯ ಚಿತ್ರ ಕಪ್ಪಾಯಿತು. ಎದೆ ಧಸಕ್ಕೆಂದು ಫೋನು ಮಾಡಿದೆವು.

‘ಅಮ್ಮ, ಕ್ಯಾಮೆರಾಕ್ಕೆ ಏನಾಯ್ತು? ಏನೂ ಕಾಣ್ತಾ ಇಲ್ಲ.’

‘ಅದಕ್ಕೇನೂ ಆಗಿಲ್ಲ ಮಾರಾಯ, ಮಸಿಬಟ್ಟೆ ಹಾಕಿದ್ದೇನೆ. ನಿನಗೆ ನಾನು ಕಾಣ್ತೇನೆ, ನನಗೆ ನೀನು ಕಾಣೋದಿಲ್ಲ. ಇದೆಂಥ ನ್ಯಾಯ?’

ನಾವು ಕ್ಷೇಮ, ಆರೋಗ್ಯ, ಅಪಾಯ ಎಂದೆಲ್ಲ ಹೇಳಿದೆವು. ಅವರು ಪೂರ್ತಿ ಕೇಳಿಸಿಕೊಂಡು, ‘ನಾನು ಎದ್ದೆನೋ ಇಲ್ಲವೋ ಅಂತ ತಾನೇ ನಿನಗೆ ತಿಳೀಬೇಕಾದ್ದು? ಬೆಳಿಗ್ಗೆ ಆರಕ್ಕೆ ಬಾಗಿಲಲ್ಲಿ ರಂಗೋಲಿ ಬೀಳದಿದ್ದರೆ ಏಳಕ್ಕೆ ಎದುರುಮನೆಯವಳು ಬಂದು ಕದ ತಟ್ಟುತ್ತಾಳೆ. ಅವಳ ಬಾಗಿಲು ನಾನು ನೋಡ್ತೇನೆ, ನನ್ನ ಬಾಗಿಲು ಅವಳು ನೋಡ್ತಾಳೆ. ನಲವತ್ತು ವರ್ಷದಿಂದ ಹಾಗೇ ನಡೆದಿದೆ’ ಎಂದರು.

ಪಾರ್ಕ್‌ನ ಸೂರಿನಿಂದ ನೇತಾಡುತ್ತಿದ್ದ ದಾರವೇ ನಮ್ಮೂರ ಬಾಗಿಲಲ್ಲಿ ರಂಗೋಲಿಯಾಗಿತ್ತು. ಅದು ತಿಳಿಸಬೇಕಾದ್ದನ್ನು ತಿಳಿಸುತ್ತದೆ, ಸಕ್ಕರೆಯ ಲೆಕ್ಕ ಹೇಳುವುದಿಲ್ಲ. ಮರುದಿನದ ಹೊತ್ತಿಗೆ ಅಳಿಸಿಯೂ ಹೋಗಿರುತ್ತದೆ. ನಮ್ಮ ಕ್ಯಾಮೆರಾಗಳಾದರೋ ತಾಯಿಯವರ ಒಂದೊಂದು ದಿನವನ್ನೂ ಯಾವುದೋ ದೇಶದ ಯಾವುದೋ ಉಗ್ರಾಣದಲ್ಲಿ ಕೂಡಿಡುತ್ತಿದ್ದವು.

ತಾಯಿಯವರು ಎತ್ತಿದ ನ್ಯಾಯದ ಪ್ರಶ್ನೆ ಬರಿಯ ಮನೆಯ ಜಗಳವಲ್ಲ, ನ್ಯಾಯಾಲಯಗಳನ್ನೂ ಏರಿದೆ. ಅರ್ಕನ್ಸಾ ರಾಜ್ಯದ ಬೆಂಟನ್‌ವಿಲ್ ಎಂಬ ಊರಿನ ಮನೆಯೊಂದರಲ್ಲಿ 2015ರ ನವೆಂಬರಿನಲ್ಲಿ ಒಬ್ಬರು ಸತ್ತುಬಿದ್ದಿದ್ದರು. ಪೊಲೀಸರು ಆ ಮನೆಯ ಮಾತಾಡುವ ಯಂತ್ರದ ದಾಖಲೆಯನ್ನು ಕೇಳಿದರು. ಜೊತೆಗೆ ನೀರಿನ ಮೀಟರನ್ನೂ ಸಾಕ್ಷಿಗೆ ಕರೆದರು. ರಾತ್ರಿ ಒಂದರಿಂದ ಮೂರರ ನಡುವೆ 140 ಗ್ಯಾಲನ್ ನೀರು ಹರಿದಿದೆ, ಏನನ್ನೋ ತೊಳೆಯಲೆಂದೇ ಇರಬೇಕು ಎಂಬುದು ಅವರ ತರ್ಕ. 2017ರಲ್ಲಿ ಮೊಕದ್ದಮೆಯನ್ನೇ ಕೈಬಿಡಲಾಯಿತು. ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂಬುದು ನಮ್ಮ ವಿಷಯವಲ್ಲ. ಬಿಲ್ಲಿಗಾಗಿ ಕೂರಿಸಿದ ಮೀಟರು ಗಂಟೆಗಂಟೆಯ ದಿನಚರಿ ಬರೆಯುತ್ತಿತ್ತೆಂಬುದು ನಮ್ಮನ್ನು ತಡೆದು ನಿಲ್ಲಿಸಬೇಕು.

ಮರುವರ್ಷ, ಅಂದರೆ 2018ರ ಜೂನಿನಲ್ಲಿ, ಇಲ್ಲಿನ ಸರ್ವೋಚ್ಚ ನ್ಯಾಯಾಲಯವು ಕಾರ್ಪೆಂಟರ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಪೊಲೀಸರು ಒಬ್ಬ ಆರೋಪಿಯ ಫೋನು ಯಾವ ಯಾವ ಗೋಪುರಗಳ ಬಳಿ ಸುಳಿದಿತ್ತೆಂಬ ವಿವರವನ್ನು ದೂರವಾಣಿ ಕಂಪನಿಗಳಿಂದ ಶೋಧನಾ ವಾರಂಟ್ ಇಲ್ಲದೆ ಪಡೆದಿದ್ದರು. 127 ದಿನಗಳಲ್ಲಿ 12,898 ಸ್ಥಳಸೂಚನೆಗಳು! ದಿನಕ್ಕೆ ನೂರರಂತೆ. ಕೇಂಬ್ರಿಜ್‌ನ ಬಿಲ್ಲೆಗೆ ಕಟ್ಟಡದ ಹೊಸ್ತಿಲಾದರೂ ಎಲ್ಲೆಯಾಗಿತ್ತು, ಇದಕ್ಕೆ ಎಲ್ಲೆಯಿಲ್ಲ. ಇನ್ನು ಮುಂದೆ ಇಂಥ ದಾಖಲೆಗೆ ಸಾಮಾನ್ಯವಾಗಿ ವಾರಂಟ್ ಬೇಕೆಂದು ಐದಕ್ಕೆ ನಾಲ್ಕರ ಬಹುಮತದಿಂದ ತೀರ್ಮಾನವಾಯಿತು. ಒಂದೇ ಒಂದು ಮತದ ಅಂತರ ಎಂಬುದನ್ನು ತಾವು ಗಮನಿಸಬೇಕು.

ನಮ್ಮ ನಾಡೂ ಈ ಮಾತಿಗೆ ಹೊರತಲ್ಲ. 2016ರಲ್ಲಿ ಯುಪಿಐ ಬಂದ ಮೇಲೆ ಬೆಂಗಳೂರಿನ ಎಳನೀರಿನ ಗಾಡಿ, ಹೂವಿನ ಬುಟ್ಟಿ, ಬೇಕರಿ, ಕಾಂಡಿಮೆಂಟ್ಸ್ ಎಲ್ಲ ಕಡೆ ಚೌಕಾಕಾರದ ಚುಕ್ಕಿಚಿತ್ರವೊಂದು ಅಂಟಿಕೊಂಡಿತು. ವೈಸರ್ ಕನಸಿದ ಅದೃಶ್ಯ ಗಣಕಕ್ಕೆ ಇದಕ್ಕಿಂತ ಪೂರ್ಣವಾದ ರೂಪವನ್ನು ನಾವು ಬೇರೆಲ್ಲೂ ಕಂಡಿಲ್ಲ. ವ್ಯಾಪಾರಿಯ ಮುಂದೆ ಗಣಕವೇ ಇಲ್ಲ, ಒಂದು ಕಾಗದ ಮಾತ್ರ. ಪಕ್ಕದಲ್ಲಿ ಬಂದ ಹಣವನ್ನು ಕೂಗಿ ಹೇಳುವ ಪುಟ್ಟ ಪೆಟ್ಟಿಗೆ. ಚಿಲ್ಲರೆಯ ಜಗಳವಿಲ್ಲ, ಖೋಟಾ ನೋಟಿನ ಭಯವಿಲ್ಲ. ನಿಜಕ್ಕೂ ಅದ್ಭುತ.

2025ರ ಜುಲೈನಲ್ಲಿ ಆ ಕಾಗದದ ಹಿಂದಿನ ಗಣಕ ಎದ್ದು ಬಂತು. ನಾಲ್ಕು ವರ್ಷಗಳ ಯುಪಿಐ ಜಮೆಗಳನ್ನು ಕೂಡಿ ನೋಡಿದ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಸಹಸ್ರಾರು ಸಣ್ಣ ವರ್ತಕರಿಗೆ ನೋಟೀಸು ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ, ನಾಲ್ಕು ವರ್ಷಗಳಲ್ಲಿ 1.63 ಕೋಟಿ ರೂಪಾಯಿ ಜಮೆಯಾಗಿದೆಯೆಂದು, ಸುಮಾರು 29 ಲಕ್ಷ ರೂಪಾಯಿ ತೆರಿಗೆ ಕೇಳಲಾಯಿತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ! ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬರಹಗಳು ಕಾಣಿಸಿಕೊಂಡವು. ನಮ್ಮ ತಾಯಿಯವರ ಮಸಿಬಟ್ಟೆಗೂ ಈ ಬರಹಕ್ಕೂ ನಮಗೆ ಹೆಚ್ಚಿನ ಭೇದ ತೋರುವುದಿಲ್ಲ. ಆ ತಿಂಗಳ 23ರಂದು ಮುಖ್ಯಮಂತ್ರಿಗಳು ವರ್ತಕರ ಸಭೆ ಕರೆದು, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು, ಆದರೆ ನೋಂದಣಿ ಮಾಡಿಸಿಕೊಳ್ಳಬೇಕೆಂದು ಹೇಳಿದ ಮೇಲೆ ಗದ್ದಲ ಅಡಗಿತು.

ಇಲಾಖೆ ಕಾನೂನು ಮೀರಿತೆಂದು ನಾವು ಹೇಳುತ್ತಿಲ್ಲ. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯವೆಂಬುದು ನಿಯಮ, ತೆರಿಗೆ ತಪ್ಪಿಸಿದವರೂ ಅಲ್ಲಿ ಇದ್ದಿರಬಹುದು. ಆದರೆ ಕಿರ್ದಿ ಪುಸ್ತಕ ಬರೆಯುವ ವ್ಯಾಪಾರಿಗೆ ತಾನು ಬರೆಯುತ್ತಿದ್ದೇನೆಂದು ಗೊತ್ತಿರುತ್ತದೆ. ಆ ತರಕಾರಿಯವರ ಲೆಕ್ಕವನ್ನು ನಾಲ್ಕು ವರ್ಷ ಬರೆದವರು ಬೇರೆ, ಓದಿದವರು ಬೇರೆ. ಅವರು ಒಮ್ಮೆಯೂ ಪುಸ್ತಕ ತೆರೆದು ನೋಡಿರಲಿಲ್ಲ. ಮೆಜೆಸ್ಟಿಕ್‌ನ ಬಸ್ಸಿನ ಅಕ್ಷರ ಮರೆಯಾಗುವುದು ಅಕ್ಷರ ಬಲ್ಲವನಿಗೆ. ಬೇಕೆಂದಾಗ ಅವನು ನಿಂತು, ಒಂದೊಂದನ್ನೇ ಓದಬಲ್ಲ, ತಪ್ಪಿದ್ದರೆ ತೋರಿಸಬಲ್ಲ. ಚುಕ್ಕಿಚಿತ್ರ ಮರೆಯಾಗುವುದು ಅದನ್ನು ಓದಲಾರದವನಿಗೆ. ಎರಡನ್ನೂ ‘ಅದೃಶ್ಯ’ ಎಂಬ ಒಂದೇ ಪದದಿಂದ ಕರೆದದ್ದೇ ನಮ್ಮ ಕಾಲದ ದೊಡ್ಡ ಗೊಂದಲವೆಂದು ನಮಗೆ ತೋರುತ್ತದೆ. ವೈಸರ್ ಅವರಿಗೆ ಇದು ಹೊಳೆಯದೆ ಇರಲಿಲ್ಲ. ಕೋಣೆಕೋಣೆಯಲ್ಲೂ ಮನುಷ್ಯರನ್ನು ಗುರುತಿಸಬಲ್ಲ ನೂರಾರು ಗಣಕಗಳು ಒಂದಕ್ಕೊಂದು ಹೆಣೆದುಕೊಂಡರೆ, ಈವರೆಗಿನ ಸರ್ವಾಧಿಕಾರಗಳೆಲ್ಲ ಅದರ ಮುಂದೆ ಅರಾಜಕತೆಯಂತೆ ಕಂಡಾವೆಂದು ಆ 1991ರ ಲೇಖನದಲ್ಲೇ ಎಚ್ಚರಿಸಿದ್ದರು. 1999ರಲ್ಲಿ, ಕೇವಲ 46ರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಇದ್ದಿದ್ದರೆ ಆ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದರೇನೋ.

ಭಾರತದಲ್ಲಿ ಈ ಮಾತನ್ನು ಗಟ್ಟಿಯಾಗಿ ಹೇಳಿದವರು ನಮ್ಮವರೇ ಎಂಬುದು ಹೆಮ್ಮೆಯ ವಿಷಯ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಅದರಿಂದ ಹುಟ್ಟಿದ 2017ರ ಆಗಸ್ಟ್ 24ರ ತೀರ್ಪಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಮುಂದಿನ ವರ್ಷ ಆಧಾರ್ ಉಳಿಯಿತು, ಆದರೆ ಖಾಸಗಿ ಕಂಪನಿಗಳು ಅದನ್ನು ಕೇಳುವುದಕ್ಕೆ ತಡೆ ಬಿತ್ತು. 2024ರಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ಪುಟ್ಟಸ್ವಾಮಿಯವರು ನಿಧನರಾದರು. ಈಗ ಯಾವ ಕಾನೂನು ತರಗತಿಯೂ ಅವರ ಹೆಸರನ್ನು ಉಚ್ಚರಿಸದೆ ಖಾಸಗಿತನದ ಪಾಠ ಮಾಡಲಾರದು.

ಇಷ್ಟು ಹೇಳಿ ಬೆರಳನ್ನು ಹೊರಗಡೆಗೇ ತೋರಿಸುವುದು ನಮಗೆ ಶೋಭಿಸದು. ಈ ಯಂತ್ರಗಳನ್ನು ಕಟ್ಟಿದವರಲ್ಲಿ ಈ ಸಭೆಯ ಅರ್ಧಕ್ಕರ್ಧ ಜನ ಇದ್ದೇವೆ. ಹಲವು ವರ್ಷಗಳ ಹಿಂದೆ ನಾವು ಕೆಲಸ ಮಾಡುತ್ತಿದ್ದ ಕಡೆ, ಮನೆಯೊಳಗಿಡುವ ಒಂದು ಸಾಧನದ ವಿನ್ಯಾಸ ಪತ್ರ ತುಂಬಬೇಕಾಗಿತ್ತು. ‘ಮಾಹಿತಿಯನ್ನು ಎಷ್ಟು ಕಾಲ ಇಡಬೇಕು’ ಎಂಬ ಕಲಮಿನ ಎದುರು ನಾವು ‘ಮಿತಿಯಿಲ್ಲ’ ಎಂದು ಬರೆದೆವು. ದುರುದ್ದೇಶವೇನೂ ಇರಲಿಲ್ಲ. ಉಗ್ರಾಣ ಅಗ್ಗವಾಗಿತ್ತು, ಊಟದ ಹೊತ್ತಾಗಿತ್ತು. ಯಾರೂ ಪ್ರಶ್ನಿಸಲಿಲ್ಲ. ಅದು ಯಾರ ಯಾರ ಅಡುಗೆಮನೆಯನ್ನು ಹೊಕ್ಕಿತೋ ನಾವರಿಯೆವು.

ಯಂತ್ರಗಳನ್ನೆಲ್ಲ ಬಾವಿಗೆಸೆಯಿರಿ ಎನ್ನುವವರೂ ನಾವಲ್ಲ. ತೋಳಿನ ಮೇಲೆ ನಾಣ್ಯದಷ್ಟು ದೊಡ್ಡ ಸಕ್ಕರೆ ಮಾಪಕ ಅಂಟಿಸಿಕೊಂಡು ಇಂದಿನ ಹೋಳಿಗೆಯ ನಿರೀಕ್ಷೆಯಲ್ಲಿ ಕುಳಿತ ಮಿತ್ರರು ನಮಗೆ ಇಲ್ಲಿಂದಲೇ ಕಾಣುತ್ತಿದ್ದಾರೆ. ಹಿಂದೆ ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿಕೊಳ್ಳುತ್ತಿದ್ದವರು ಅವರು. ಆ ಮಾಪಕ ಹೇಳುವುದು ಮೊದಲು ಅವರಿಗೆ. ಅದು ಇನ್ನಾರಿಗೆ ಹೇಳುತ್ತದೆಂದು ಅವರು ಒಮ್ಮೆ ವಿಚಾರಿಸಿಕೊಂಡರೆ ಸಾಕು.

ಕೊನೆಗೆ ನಮ್ಮ ಮನೆಯಲ್ಲಿ ಏನಾಯಿತೆಂದು ಹೇಳಿ ಮುಗಿಸುತ್ತೇವೆ. ಕಳೆದ ಬಾರಿ ಊರಿಗೆ ಹೋದಾಗ ನಡುಮನೆಯ ಮತ್ತು ಅಡುಗೆಮನೆಯ ಕ್ಯಾಮೆರಾಗಳನ್ನು ಬಿಚ್ಚಿದೆವು. ಜಗಲಿಯದು ತಾಯಿಯವರ ಒಪ್ಪಿಗೆಯಿಂದ ಉಳಿದಿದೆ. ಅಡುಗೆಮನೆಯ ದೀಪದ ಸ್ವಿಚ್ಚಿಗೆ ಒಂದು ಸಣ್ಣ ಸಾಧನ ಜೋಡಿಸಿದೆವು. ಅವರು ಬೆಳಗಿನ ಐದಕ್ಕೆ ಆ ದೀಪ ಹಾಕಿದರೆ, ಇಲ್ಲಿ ನಮ್ಮ ಕಿಟಕಿಯ ಕಟ್ಟೆಯ ಮೇಲಿನ ಪುಟ್ಟ ದೀಪ ಹತ್ತುತ್ತದೆ. ನಮಗೆ ಆಗ ಬೇಸಿಗೆಯಲ್ಲಾದರೆ ಹಿಂದಿನ ದಿನದ ಸಂಜೆ ನಾಲ್ಕೂವರೆ. ಬೇರೇನೂ ಇಲ್ಲ, ಎಲ್ಲಿಯೂ ಬರೆದಿಡುವುದಿಲ್ಲ. ತಾಯಿಯವರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ನಮ್ಮ ಅಡುಗೆಮನೆಯ ದೀಪ ಅವರಿಗೂ ಕಾಣಬೇಕು. ಹಾಗೆಯೇ ಮಾಡಿದೆವು. ಅವರ ದೇವರಗೂಡಿನ ಪಕ್ಕದಲ್ಲಿ ಅಂಥದೇ ಒಂದು ದೀಪ ಕುಳಿತಿದೆ.

ಹೋದ ವಾರ ಅವರ ಫೋನು ಬಂತು. ‘ಮೂರು ದಿನದಿಂದ ಇಲ್ಲಿ ಮಧ್ಯಾಹ್ನ ಎರಡೂವರೆಗೆ ನಿನ್ನ ದೀಪ ಉರೀತಾ ಇದೆ. ಅಲ್ಲಿ ರಾತ್ರಿ ಎರಡು ಗಂಟೆ ಅಂತ ಮೊಮ್ಮಗಳು ಹೇಳಿದಳು. ಯಾಕೋ, ನಿದ್ದೆ ಬರ್ತಿಲ್ಲವಾ?’ ಎಂದು ಕೇಳಿದರು.

ಕೂಟದ ಉಪನ್ಯಾಸ ಬರೆಯುತ್ತಿದ್ದೇನೆ ಅಮ್ಮ, ಎಂದೆವು.

‘ಅಷ್ಟುದ್ದದ್ದು ಯಾರು ಕೇಳ್ತಾರೆ, ಮಲಗು’ ಎಂದು ಫೋನಿಟ್ಟರು.

ತಾವು ಕೇಳಿದ್ದೀರಿ.